ರಾಕ್ಷಸನ ಹೊಟ್ಟೆಯ ಸದ್ದು

ಫೆಬ್ರವರಿ ೩

ಘನತೆವೆತ್ತ ಅಣ್ಣನವರ ಸನ್ನಿಧಾನಕ್ಕೆ,

ಚಿಕ್ಕಮ್ಮನ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಿಂದ ಹೊರಡಿಸಿದ ನೋಟಿಸು ಏನೆಂದರೆ:

ನಮ್ಮ ಕಕ್ಷಿದಾರರಾದ ಶ್ರೀಮಾನ್ ದೊಡ್ಡಕರುಳು, ವಯಸ್ಸು ಇಪ್ಪತ್ತನಾಲ್ಕು, ವಾಸ ನನ್ನ ಹೊಕ್ಕುಳಿನ ಆಸುಪಾಸು, ಇವರು ತಮ್ಮ ಪಾಡಿಗೆ ತಾವು ಗೊಣಗಿಕೊಂಡದ್ದನ್ನು ಕದ್ದು ರೆಕಾರ್ಡ್ ಮಾಡಿ ಊರಿನ ಮಕ್ಕಳಿಗೆಲ್ಲ ಕೇಳಿಸಿದ ಆರೋಪದ ಮೇಲೆ ಸದರಿ ಅಣ್ಣನವರ ವಿರುದ್ಧ ದಾವೆ ಹೂಡಿರುತ್ತಾರೆ. ಸಂಗತಿ ನಿನಗೆ ಗೊತ್ತು. ನ್ಯಾಯಾಲಯಕ್ಕೆ ಗೊತ್ತಿಲ್ಲವಾದ್ದರಿಂದ ಮೊದಲಿನಿಂದ ಹೇಳುವುದು ನನ್ನ ಕರ್ತವ್ಯ. (ನ್ಯಾಯಾಲಯವೆಂದರೆ ಚಿಕ್ಕಮ್ಮ. ಸದ್ಯ ಯಾರದೋ ಅಂಗಿಗೆ ಕಾಜಾ ಹೊಲಿಯುತ್ತ ನಾನು ಓದಿ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದಾರೆ.)

ಸ್ಟುಡಿಯೊದ ಗಾಜಿನ ಈಚೆ ನಾನು, ಆಚೆ ನೀನು. ಈಚೆ ನಾನು ತೆಂಗಿನ ಚಿಪ್ಪು ಬಡಿದು ಕುದುರೆ ಓಡಿಸುತ್ತೇನೆ, ತಗಡಿನ ಮೇಲೆ ಅಕ್ಕಿ ಸುರಿದು ಮಳೆ ತರಿಸುತ್ತೇನೆ. ಆಚೆ ನೀನು ಹೆಡ್‌ಫೋನು ಹಾಕಿಕೊಂಡು ಅದನ್ನು ರೆಕಾರ್ಡ್ ಮಾಡುತ್ತೀಯ. ಮಕ್ಕಳು ಕೇಳುವ ಕಥಾ ಧಾರಾವಾಹಿಗೆ, ಬೆಟ್ಟದ ಕೆಳಗೆ ಮಲಗಿರುವ ರಾಕ್ಷಸನ ಹೊಟ್ಟೆಯ ಸದ್ದು ಬೇಕಾಯಿತು. ನಾನು ಪೀಪಾಯಿಯಲ್ಲಿ ಕುಂಬಳಕಾಯಿ ಉರುಳಿಸಿದೆ. ಒದ್ದೆ ಚರ್ಮ ಉಜ್ಜಿದೆ. ಡೈರೆಕ್ಟರು ಪ್ರತಿಸಲವೂ "ಊಹೂಂ, ಜೀವ ಇಲ್ಲ ಕಣ್ರೀ ಇದರಲ್ಲಿ" ಎಂದರು. ಆಮೇಲೊಂದು ದಿನ ನೀನು, "ಸಿಕ್ತು ಬಿಡೋ, ಯಾವುದೋ ಹಳೇ ರೆಕಾರ್ಡಿಂಗಲ್ಲಿತ್ತು" ಎಂದೆ. ನಾನು ನಂಬಿದೆ.

ಧಾರಾವಾಹಿ ಗೆದ್ದಿತು ಅಂತ ಕೇಕ್ ತಂದ ದಿನ ಡೈರೆಕ್ಟರು ಆ ಸದ್ದನ್ನು ಜೋರಾಗಿ ಹಾಕಿಸಿದರು. ಹಾಕಿಸಿ, "ಎಲ್ಲಾ ಕೇಳ್ರಪ್ಪಾ, ರಾಕ್ಷಸ ಬೆಟ್ಟದ ಕೆಳಗಿಲ್ಲ, ಇಲ್ಲೇ ನಿಂತು ಕೇಕ್ ತಿಂತಿದ್ದಾನೆ! ಪಾಪ, ಯಾವಾಗ ನೋಡಿದ್ರೂ ಹೊಟ್ಟೆ ಕೆಟ್ಟಿರತ್ತಂತೆ!" ಎಂದು ನನ್ನತ್ತ ಚಾಕು ತೋರಿಸಿದರು. ನಮ್ಮ 'ಅಜ್ಜಿ' (ನ್ಯಾಯಾಲಯದ ಗಮನಕ್ಕೆ: ಅಜ್ಜಿಯ ದನಿ ಕೊಡುವ ಹುಡುಗಿ, ನನಗಿಂತ ಚಿಕ್ಕವಳು) ನಕ್ಕು ನಕ್ಕು ಟೀ ಮೂಗಿಗೆ ಹತ್ತಿಸಿಕೊಂಡಳು. ನಾನೂ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದೆ. ಕಿತಾಪತಿ ಅಂತ ಹೆಸರಿಟ್ಟುಕೊಂಡ ಮೇಲೆ ನಗಲೇಬೇಕಲ್ಲ. ನಗುತ್ತಲೇ ನಿನ್ನ ಮುಖ ನೋಡಿದೆ. ನೀನು ತಟ್ಟೆ ನೋಡಿಕೊಂಡು ನಗುತ್ತಿದ್ದೆ.

ನನ್ನ ಹೊಟ್ಟೆಯ ವಿಷಯ ನಾನು ಹೇಳಿದ್ದು ನಿನಗೊಬ್ಬನಿಗೇ. ನೋವು ಬಂದಾಗಲೆಲ್ಲ ರೆಕಾರ್ಡಿಂಗ್ ಕೋಣೆಯಲ್ಲಿ ಸ್ಟೂಲಿನ ಮೇಲೆ ಮುದುಡಿ ಕೂತು, "ಅಣ್ಣಾ, ಮೈಕ್ ಆಫ್ ತಾನೆ?" ಅಂತ ಕೇಳುತ್ತಿದ್ದೆ. ನೀನು ಗಾಜಿನಾಚೆಯಿಂದ ಹೆಬ್ಬೆರಳು ಎತ್ತುತ್ತಿದ್ದೆ.

ಆದಕಾರಣ, ಆ ಸದ್ದನ್ನು ಧಾರಾವಾಹಿಯಿಂದ ತೆಗೆಯತಕ್ಕದ್ದು. ಕೇಕ್ ಕತ್ತರಿಸಿದ ಅದೇ ಕೋಣೆಯಲ್ಲಿ, ಅದೇ ಜನರ ಮುಂದೆ ನಿಂತು, ಮೈಕ್ ಆನ್ ಇಟ್ಟುಕೊಂಡು ಆಫ್ ಎಂದಿದ್ದೆ ಎಂದು ಹೇಳತಕ್ಕದ್ದು. ಅಲ್ಲಿಯವರೆಗೆ ನಾನು ಸ್ಟುಡಿಯೊ ಮೆಟ್ಟಿಲು ಹತ್ತುವುದಿಲ್ಲ. ಫೋನು ಮಾಡಬೇಡ. ನಿನ್ನ ದನಿ ಕೇಳಿದರೆ ನನಗೆ ನಗು ಬಂದುಬಿಡುತ್ತದೆ, ಇದು ನಗುವ ಕೇಸಲ್ಲ.

ಇಂತಿ, ಕರುಳಿನ ಪರ ವಕೀಲ,
ಕಿತಾಪತಿ


ಫೆಬ್ರವರಿ ೧೪

ಲೋ ಕಿತಾಪತಿ,

ನಿನ್ನ ನೋಟಿಸು ತಲುಪಿತು. ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ, ಬಿದ್ದು ಬಿದ್ದು ನಕ್ಕರು. ಕೋರ್ಟು ಕಚೇರಿ ಸಾಕು, ಈಗ ವಾಪಸ್ ಬಾ ಮಾರಾಯ.

ಅಲ್ಲ ಕಣೋ, ಒಂದು ಗುಡುಗುಡು ಸದ್ದಿಗೆ ಇಷ್ಟು ರಂಪನಾ? ಹೊಟ್ಟೆ ಅಂದಮೇಲೆ ಯಾರದ್ದು ಸದ್ದು ಮಾಡಲ್ಲ ಹೇಳು. ಹೋದ ವರ್ಷ ಆ ಪರೀಕ್ಷೆ ಈ ಪರೀಕ್ಷೆ ಅಂತ ಎಲ್ಲ ಮಾಡಿಸಿದ್ವಿ, ನಾನೇ ಜೊತೆಗೆ ಬಂದಿದ್ದೆ. ಎಲ್ಲಾ ನಾರ್ಮಲ್ ಅಂತ ಡಾಕ್ಟರೇ ಹೇಳಿದ್ರಲ್ಲ. ಏನೂ ಇಲ್ಲದ್ದಕ್ಕೆ ಗುಟ್ಟು ಬೇರೆ ಯಾಕೆ? ನನ್ನ ಶರ್ಟಿನ ತೋಳು ಎರಡನ್ನೂ ಹೊಲಿದು ಇಟ್ಟವನು ನೀನು. ಡೈರೆಕ್ಟರ ಕುರ್ಚಿಯ ಕೆಳಗೆ ಪೀಪಿ ಕಟ್ಟಿದವನು ನೀನು. ಊರನ್ನೆಲ್ಲ ಆಟ ಆಡಿಸೋನಿಗೆ ತನ್ನ ಮೇಲೆ ಒಂದು ತಮಾಷೆ ಆದರೆ ತಡೆಯೋಕಾಗಲ್ವಾ?

ನೀನಿಲ್ಲದೆ ಹೆಜ್ಜೆ ಸದ್ದು ನಾನೇ ಮಾಡಬೇಕಾಗಿದೆ. ರಾಜಕುಮಾರಿ ನಡೆದರೆ ಎಮ್ಮೆ ಬಂದ ಹಾಗೆ ಕೇಳಿಸುತ್ತೆ ಅಂತ ಅಜ್ಜಿ ಹಂಗಿಸ್ತಾಳೆ. ಮುಂದಿನ ಸೋಮವಾರಕ್ಕೆ ನಿನ್ನ ಸ್ಟೂಲು ಒರೆಸಿಟ್ಟಿರ್ತೀನಿ.

ನಿನ್ನ
ಅಣ್ಣ


ಮಾರ್ಚ್ ೨

ಮಾನ್ಯ ಎಮ್ಮೆ-ಹೆಜ್ಜೆಯವರೆ,

ತಮ್ಮ ಸೋಮವಾರ ಬಂತು, ಹೋಯಿತು. ನಾನು ಬರಲಿಲ್ಲ. ಬದಲಿಗೆ ಚಿಕ್ಕಮ್ಮ ನನ್ನ ಕಿವಿ ಹಿಡಿದು ಇಲ್ಲಿಯ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದರು.

ನಾನು ಎಲ್ಲ ರಿಪೋರ್ಟುಗಳನ್ನೂ ಮೇಜಿನ ಮೇಲೆ ಹರಡಿ, "ಎಲ್ಲಾ ನಾರ್ಮಲ್ ಮೇಡಂ. ನನಗೇನೂ ಇಲ್ಲ" ಎಂದೆ. ನಿನ್ನ ಮಾತನ್ನೇ ನಿನ್ನ ದನಿಯಲ್ಲೇ ಹೇಳಿದೆ, ಅನುಕರಣೆ ಚೆನ್ನಾಗಿಯೇ ಬಂತು. ಅವರು ಒಂದೊಂದಾಗಿ ಎಲ್ಲ ಓದಿ ಮಡಿಸಿಟ್ಟು, "ರಿಪೋರ್ಟಿಗೆ ಏನೂ ಇಲ್ಲ. ನಿಮಗಿದೆ" ಎಂದರು.

ಅಣ್ಣಾ, ಆ ಮಾತಿಗೆ ನನಗೆ ಯಾವ ತಮಾಷೆಯೂ ಹೊಳೆಯಲಿಲ್ಲ.

ಆಮೇಲೆ ಇದುವರೆಗೆ ಯಾರೂ ಕೇಳದ್ದನ್ನೆಲ್ಲ ಕೇಳಿದರು. ಕಕ್ಕಸಿಗೆ ಹೋಗಿಬಂದ ಮೇಲೆ ನೋವು ತಗ್ಗುತ್ತಾ? ಒಂದಷ್ಟು ದಿನ ಓಟ, ಒಂದಷ್ಟು ದಿನ ಪೂರ್ತಿ ಮುಷ್ಕರ, ಹೀಗಾಗುತ್ತಾ? ರಕ್ತ ಹೋಗುತ್ತಾ, ತೂಕ ಇಳಿದಿದೆಯಾ? ಕೊನೆಯ ಎರಡಕ್ಕೆ ಇಲ್ಲ ಎಂದದ್ದು ಕೇಳಿ ಸಮಾಧಾನಪಟ್ಟುಕೊಂಡು ಕಾಯಿಲೆಯ ಹೆಸರು ಹೇಳಿದರು. ಇರಿಟೇಬಲ್ ಬವೆಲ್ ಸಿಂಡ್ರೋಮ್. ಐಬಿಎಸ್ ಅಂತಾರಂತೆ. "ಸಿಡುಕು ಕರುಳು ಅಂದ್ಕೊಳ್ಳಿ" ಎಂದರು. ನಮ್ಮ ಕಕ್ಷಿದಾರರಿಗೆ ಬಿರುದು ಸಿಕ್ಕ ಹಾಗಾಯಿತು.

ನಿನಗೆ ನಮ್ಮ ಕಸುಬಿನ ಭಾಷೆಯಲ್ಲೇ ಹೇಳುತ್ತೇನೆ. ಗಾಜಿನ ಈಚೆ ಕರುಳು, ಆಚೆ ಮಿದುಳು, ನಡುವೆ ತಂತಿ. ಎಲ್ಲರ ಕರುಳೂ ಗೊಣಗುತ್ತದೆ. ಆದರೆ ನಿನ್ನದರ ವಾಲ್ಯೂಮು ತಗ್ಗಿಸಿದೆ, ನಿನಗೆ ಕೇಳಿಸುವುದೇ ಇಲ್ಲ. ನನ್ನದರ ತಿರುಪು ತುತ್ತತುದಿಗೆ ಸಿಕ್ಕಿಕೊಂಡಿದೆ. ನಿನ್ನ ಹೊಟ್ಟೆಯಲ್ಲಿ ಒಂದು ಗಾಳಿಗುಳ್ಳೆ ಸರಿದು ಹೋಗುವಂಥದ್ದು ನನ್ನಲ್ಲಿ ಕಬ್ಬಿಣದ ಪೆಟ್ಟಿಗೆ ಮೆಟ್ಟಿಲು ಉರುಳಿದ ಹಾಗೆ. ಯಂತ್ರ ಎಲ್ಲಿಯೂ ಒಡೆದಿಲ್ಲ, ಹುಣ್ಣಿಲ್ಲ, ಗಡ್ಡೆಯಿಲ್ಲ, ಮುಂದೆ ಅದರಿಂದ ಕ್ಯಾನ್ಸರೂ ಆಗುವುದಿಲ್ಲವಂತೆ. ಅದಕ್ಕೇ ಬಿಚ್ಚಿ ನೋಡಿದವರಿಗೆ ಏನೂ ಕಾಣುವುದಿಲ್ಲ. ಟೆನ್ಷನ್ ಆದಾಗ ಮಿದುಳು ತನ್ನ ಗಾಬರಿಯನ್ನು ಅದೇ ತಂತಿಯಲ್ಲಿ ವಾಪಸ್ ಕಳಿಸುತ್ತದೆ, ಸದ್ದು ಇನ್ನೂ ಜೋರು. "ಹಾಗಂತ ಬರೀ ಟೆನ್ಷನ್ ಅಂತ ಯಾರಾದ್ರೂ ಅಂದ್ರೆ ನನ್ನ ಹತ್ರ ಕಳಿಸಿ" ಎಂದರು ಡಾಕ್ಟರಮ್ಮ. ಕಳಿಸಲಾ?

ಹೊಸ ಕಟ್ಟಡಕ್ಕೆ ಕಾಲಿಟ್ಟರೆ ನೀನು ಕಿಟಕಿ ನೋಡುತ್ತೀಯ. ನಾನು ಕಕ್ಕಸು ಎಲ್ಲಿದೆ, ಅದಕ್ಕೆ ಚಿಲಕ ಇದೆಯಾ ಅಂತ ನೋಡುತ್ತೇನೆ. ಬಸ್ಸು ಹತ್ತಿದರೆ ಡ್ರೈವರನ ಮುಖ ನೋಡಿ, ಕೈಮುಗಿದರೆ ನಿಲ್ಲಿಸುವ ಪೈಕಿಯೋ ಅಲ್ಲವೋ ಅಂತ ಅಂದಾಜು ಹಾಕುತ್ತೇನೆ. ರೆಕಾರ್ಡಿಂಗ್ ಇದ್ದ ದಿನ ಬೆಳಗ್ಗೆ ಏನೂ ತಿನ್ನುತ್ತಿರಲಿಲ್ಲ. ಇನ್ನು ಡೈರೆಕ್ಟರ ಕುರ್ಚಿಯ ಪೀಪಿ. ಎಲ್ಲರೂ ಆ ಕಡೆ ತಿರುಗಿ ನಗುವಾಗ ನಾನು ಈ ಕಡೆ ಬಾಗಿಲಿನಿಂದ ಓಡುತ್ತಿದ್ದೆ. ನನ್ನ ಕಿತಾಪತಿಗಳಲ್ಲಿ ಅರ್ಧ ಹೀಗೆ ಓಡಲು ದಾರಿ ಮಾಡಿಕೊಂಡದ್ದು. ಇದನ್ನು ನಿನಗೂ ಹೇಳಿರಲಿಲ್ಲ. ಇದನ್ನಾದರೂ ಮನೆಯವರಿಗೆ ಓದಿ ಹೇಳಬೇಡ.

ಬೇಡಿಕೆಗಳು ಹಾಗೆಯೇ ಇರುತ್ತವೆ.

ಇಂತಿ,
ಸಿಡುಕು ಕರುಳಿನ ಬಾಡಿಗೆದಾರ


ಮಾರ್ಚ್ ೧೫

ಪ್ರೀತಿಯ ತಮ್ಮ,

ಓದಿದೆ. ಯಾರಿಗೂ ಓದಿ ಹೇಳಲಿಲ್ಲ. ಇಷ್ಟೆಲ್ಲ ಇದೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಯಾವಾಗಲೂ ಹಲ್ಲು ಕಿರಿದುಕೊಂಡೇ ಇರ್ತಿದ್ದೆ.

ಒಂದು ಮಾತು ಮಾತ್ರ ನಂಬು. ಅದು ರೆಕಾರ್ಡ್ ಆಗಿದ್ದು ಒಂದೇ ಒಂದು ಸಲ, ಅದೂ ಕೈತಪ್ಪಿನಿಂದ. ಆಫ್ ಮಾಡಿದ್ದೀನಿ ಅಂದ್ಕೊಂಡೇ ಬೆರಳು ಎತ್ತಿದ್ದೆ. ಸಂಜೆ ಕೇಳಿ ನೋಡಿದರೆ ಸದ್ದು ಅದ್ಭುತವಾಗಿತ್ತು, ಡೈರೆಕ್ಟರು ಪಕ್ಕದಲ್ಲೇ ನಿಂತಿದ್ದರು, ಅವರೇ ಎತ್ತಿಕೊಂಡರು. ಯಾರದ್ದು ಅಂತ ಕೇಳಿದಾಗ ಬಾಯಿ ತಪ್ಪಿ ಬಂತು. ನಾನೇನು ಮಾಡಲಿ?

ಇದರ ಜೊತೆ ಜೀರ್ಣದ ಪುಡಿ ಕಳಿಸಿದ್ದೀನಿ, ನಮ್ಮ ಪಕ್ಕದ ಮನೆಯವರಿಗೆ ಎರಡೇ ದಿನದಲ್ಲಿ ಗುಣ ಕಂಡಿತಂತೆ. ಯೋಚನೆ ಮಾಡೋದು ಬಿಡು, ಎಲ್ಲ ಸರಿಹೋಗುತ್ತೆ.

ನಿನ್ನ
ಅಣ್ಣ


ಮಾರ್ಚ್ ೨೯

ಅಣ್ಣಾ,

ಪುಡಿ ಚಿಕ್ಕಮ್ಮನ ಕಪಾಟಿನಲ್ಲಿದೆ. ಡಾಕ್ಟರಮ್ಮನನ್ನು ಕೇಳದೆ ಏನನ್ನೂ ತಿನ್ನುವುದಿಲ್ಲ.

ನೀನು ಒಂದೇ ಸಲ ಎಂದು ಬರೆದೆಯಲ್ಲ, ನಂಬೋಣ ಅಂತಲೇ ಇದ್ದೆ. ನಂಬಲು ಬೇಕಾದ ಧೈರ್ಯಕ್ಕಾಗಿ ಧಾರಾವಾಹಿಯನ್ನು ಮೊದಲಿನಿಂದ ಕೇಳಿದೆ. ಚಿಕ್ಕಮ್ಮನ ಹೊಲಿಗೆ ಯಂತ್ರ ನಿಂತಿದ್ದ ಮಧ್ಯಾಹ್ನ, ಒಳ್ಳೆಯ ಹೆಡ್‌ಫೋನಿನಲ್ಲಿ.

ರಾಕ್ಷಸ ಮೊದಲ ಸಲ ಎದ್ದಾಗ ಸದ್ದಿನ ಹಿಂದೆ ಸ್ಟೂಲು ಕಿರುಗುಟ್ಟುತ್ತದೆ. ಅವನಿಗೆ ಹಸಿವಾದಾಗ ಸ್ಟೂಲಿಲ್ಲ, ಮಳೆಗೆಂದು ತಂದ ಅಕ್ಕಿಯ ಮೇಲೆ ನನ್ನ ಕಾಲು ಸರಿದ ಸದ್ದಿದೆ. ಆ ದಿನ ನಾನು ನೆಲದ ಮೇಲೆ ಕೂತಿದ್ದೆ. ಅವನು ಸಿಟ್ಟಾದಾಗ ನನ್ನ ಮೂಗು ಕಟ್ಟಿದೆ. ನೆಗಡಿಯಾಗಿದ್ದ ವಾರ ಅದು. ಕೈ ಒಂದು ಸಲ ತಪ್ಪುತ್ತದೆ ಅಣ್ಣಾ. ವಾರವಾರ ತಪ್ಪುವುದಿಲ್ಲ.

ಅದನ್ನೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ರಾಕ್ಷಸ ಬೆಟ್ಟದ ಕೆಳಗೆ ಮಗ್ಗುಲು ಬದಲಿಸುವ ಕಂತು ಇದೆಯಲ್ಲ, ಅಲ್ಲಿ ಸದ್ದು ಇಳಿದು ಇಳಿದು ಮುಗಿಯುವ ತುದಿಯಲ್ಲಿ ಒಂದು 'ಅ' ಕೇಳುತ್ತದೆ. ಅಷ್ಟೇ. ಮುಂದೆ ಕತ್ತರಿ. ಬೇರೆ ಯಾರ ಕಿವಿಗೂ ಅದು ಬೀಳುವುದಿಲ್ಲ, ಬಹಳ ಚೊಕ್ಕ ಕೆಲಸ. ಆದರೆ ಆ ದನಿ ನನ್ನದು, ಆದ್ದರಿಂದ ನನಗೆ ಬಿತ್ತು. ಆ ದಿನ ನಾನು "ಅಮ್ಮಾ" ಎಂದಿದ್ದೆ. ಜೋರಾಗಿ ಕೂಗಲಿಲ್ಲ, ಉಸಿರಿನಲ್ಲಿ ಅಂದುಕೊಂಡದ್ದು.

ಹೆಡ್‌ಫೋನಿನಲ್ಲಿ ಅದನ್ನು ಪೂರ್ತಿ ಕೇಳಿಸಿಕೊಂಡವನು ನೀನೊಬ್ಬನೇ. ಎಲ್ಲಿ ಕತ್ತರಿಸಬೇಕು ಎಂದು ಹುಡುಕಲು ಹಿಂದಕ್ಕೆ ಮುಂದಕ್ಕೆ ಓಡಿಸಿ ಎಷ್ಟು ಸಲ ಕೇಳಿದೆಯೋ. ಯಾವಾಗಲೂ ಹಲ್ಲು ಕಿರಿದುಕೊಂಡಿರ್ತಿದ್ದೆ, ನನಗೆ ಹೇಗೆ ಗೊತ್ತಾಗಬೇಕು ಎಂದು ಬರೆದಿದ್ದೀಯ.

ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು ನಾವು. ನನ್ನ ನೋವು ನಿನಗೆ ಗೊತ್ತಿರಲಿಲ್ಲ ಎಂದಿದ್ದರೆ ನನಗೆ ಅದನ್ನು ತಿಳಿಸಿ ಹೇಳಲು ಬರುತ್ತಿತ್ತು, ಹೋದ ಪತ್ರದಲ್ಲಿ ಹೇಳಿದೆನಲ್ಲ, ತಂತಿ, ತಿರುಪು ಅಂತೆಲ್ಲ. ಗೊತ್ತಿದ್ದೂ ಅದನ್ನು ಕತ್ತರಿಸಿ ಬದಿಗಿಟ್ಟವನಿಗೆ ಏನು ಹೇಳುವುದು, ಅದು ನನಗೆ ಬರುವುದಿಲ್ಲ.

ಈ ಪತ್ರಕ್ಕೆ ಬಿರುದಿನ ಸಹಿ ಹೊಳೆಯುತ್ತಿಲ್ಲ.

ಕಿತಾಪತಿ


ಮೇ ೬

ತಮ್ಮ,

ಏಪ್ರಿಲ್ ಪೂರ್ತಿ ಬರೆದು ಬರೆದು ಹರಿದೆ. ಈಗ ಬರೆಯುತ್ತಿರುವುದನ್ನು ಹರಿಯದೆ ಕಳಿಸುತ್ತೇನೆ.

ನೀನು ಬರೆದದ್ದೆಲ್ಲ ನಿಜ. ಕೇಳಿದ್ದೆ, ಕತ್ತರಿಸಿದ್ದೆ. ಹೆಡ್‌ಫೋನು ಹಾಕಿಕೊಂಡಾಗ ನನಗೆ ಅದು ನೀನು ಅನ್ನಿಸ್ತಿರಲಿಲ್ಲ ಕಣೋ, ಬರೀ ಸದ್ದು ಅನ್ನಿಸ್ತಿತ್ತು. ಒಳ್ಳೇ ಸದ್ದು. ಇದಕ್ಕಿಂತ ಬೇರೆ ಸಮಜಾಯಿಷಿ ನನ್ನ ಹತ್ತಿರ ಇಲ್ಲ.

ಹೋದ ಶುಕ್ರವಾರ ಎಲ್ಲರೂ ಟೀಗೆ ಸೇರಿದ್ದಾಗ ಎದ್ದು ನಿಂತು ಹೇಳಿದೆ. ಮೈಕ್ ಆನ್ ಇತ್ತು, ಆಫ್ ಅಂತ ಸುಳ್ಳು ಹೇಳಿದ್ದೆ, ಅವನಿಗೆ ಕಾಯಿಲೆ ಇದೆ, ಅದಕ್ಕೆ ಐಬಿಎಸ್ ಅಂತಾರೆ, ಅದು ನಾಟಕ ಅಲ್ಲ ಅಂತ. ಡೈರೆಕ್ಟರು "ಅದೆಲ್ಲ ಈಗ್ಯಾಕೆ ಮಾರಾಯ, ಟೀ ಆರ್ತಿದೆ" ಅಂದರು. ಅಜ್ಜಿ ಮಾತ್ರ ಲೋಟ ಕೆಳಗಿಟ್ಟು, "ನಾನೂ ನಕ್ಕಿದ್ದೆ ಅವತ್ತು. ನನ್ನ ತಂಗಿಗೂ ಇದೇ ಇದೆ, ಮದುವೆ ಮನೆ ಅಂದ್ರೆ ಅಳ್ತಾಳೆ. ಅವಳಿಗೆ ಗೊತ್ತಾದ್ರೆ ನನ್ನ ಮುಖಕ್ಕೆ ಉಗೀತಾಳೆ" ಅಂದಳು.

ಸದ್ದನ್ನೂ ತೆಗೆದೆ. ಡೈರೆಕ್ಟರು ಕೂಗಾಡಿದರು, ಕೂಗಾಡಲಿ. ಈಗ ರಾಕ್ಷಸನ ಹೊಟ್ಟೆಯಲ್ಲಿ ನಿನ್ನ ಕುಂಬಳಕಾಯಿ ಉರುಳುತ್ತಿದೆ. ಜೀವ ಇಲ್ಲ, ನಿಜ.

ಬರುವ ಭಾನುವಾರ ಬೆಳಗಿನ ಬಸ್ಸಿಗೆ ಹೊರಟು ಬರ್ತೀನಿ. ಎದುರಿಗೆ ಕೂತು ಹೇಳಬೇಕು, ಪತ್ರದಲ್ಲಿ ಬರಲ್ಲ. ನೀನು ಬೈದರೂ ಸರಿ. ಬಾಗಿಲು ತೆಗಿ, ಅಷ್ಟು ಸಾಕು.

ನಿನ್ನ
ಅಣ್ಣ


ಮೇ ೨೦

ಅಣ್ಣಾ,

ನೀನು ಬಂದಿದ್ದೆ. ಕಾದೆ. ಹೋದೆ. ನಾನು ನಿನಗೆ ಮುಖ ತೋರಿಸಲಿಲ್ಲ. ಇಷ್ಟು ನಿನಗೆ ಗೊತ್ತು. ಉಳಿದದ್ದನ್ನು ನಾನು ಹೇಳಬೇಕು.

ನಿನ್ನ ಪತ್ರ ಬಂದ ದಿನ ಅದನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. "ನೋಡಿದ್ಯಾ, ಹುಡುಗ ಒಳ್ಳೆಯವನೇ, ಬುದ್ಧಿ ತಡವಾಗಿ ಬರತ್ತೆ ಅಷ್ಟೇ" ಎಂದು ನ್ಯಾಯಾಲಯವು ನಿನ್ನನ್ನು ಅರ್ಧ ಖುಲಾಸೆ ಮಾಡಿತು. ಪೂರ್ತಿ ಮಾಡಲು ನಾನೂ ತಯಾರಾಗಿದ್ದೆ. ಭಾನುವಾರ ಬೇಗ ಎದ್ದು ಸ್ನಾನ ಮಾಡಿದೆ. ಅಂಗಡಿಯ ಬಟ್ಟೆಗಂಟುಗಳನ್ನೆಲ್ಲ ಸರಿಸಿ ಎರಡು ಕುರ್ಚಿ ಎದುರುಬದುರು ಹಾಕಿದೆ. ನೀನು ಬಂದ ಕೂಡಲೇ ಹೇಳಲು ಒಂದು ಭಯಂಕರ ಗಂಭೀರ ಸ್ವಾಗತ ಭಾಷಣ ತಯಾರು ಮಾಡಿಕೊಂಡಿದ್ದೆ. ಅದರಲ್ಲಿ ನಿನ್ನನ್ನು ಎಮ್ಮೆಗಳ ಮಹಾರಾಜ ಎಂದು ಕರೆದಿದ್ದೆ.

ನನಗೆ ನೀನು ಬರುವುದು ಎಷ್ಟು ಬೇಕಾಗಿತ್ತೆಂದರೆ, ಮಿದುಳು ಆ ಸಂಭ್ರಮವನ್ನೂ ಅದೇ ತಂತಿಯಲ್ಲಿ ಕೆಳಗೆ ಕಳಿಸಿತು. ಸಿಡುಕು ಕರುಳಿಗೆ ಗಾಬರಿಯೂ ಒಂದೇ, ಖುಷಿಯೂ ಒಂದೇ. ನೀನು ಬಾಗಿಲು ತಟ್ಟಿದಾಗ ನಾನು ಒಳಗೆ ಗೋಡೆ ಹಿಡಿದುಕೊಂಡು ಬೆವರುತ್ತಿದ್ದೆ. ಚಿಕ್ಕಮ್ಮನ ಮನೆಯ ಕಕ್ಕಸಿಗೂ ಅಂಗಡಿಗೂ ನಡುವೆ ಇರುವುದು ಒಂದು ಹಲಗೆ. ಅದರ ಮೂಲಕ ಎಲ್ಲವೂ ಕೇಳಿಸುತ್ತದೆ. ನಿನಗದು ಗೊತ್ತಿರಲಿಲ್ಲ.

"ಎಲ್ಲಿ ಅವನು?" ಎಂದು ನೀನು ಕೇಳಿದೆ. "ಒಳಗಿದ್ದಾನೆ ಕಣೋ, ಹೊಟ್ಟೆ ಸರಿ ಇಲ್ಲ. ಬೆಳಗ್ಗೆಯಿಂದ ಇದೇ ಆಗಿದೆ. ಕೂತ್ಕೋ, ಬರ್ತಾನೆ" ಎಂದರು ಚಿಕ್ಕಮ್ಮ. ನೀನು ಕೂತೆ. ಕುರ್ಚಿ ಸರಿದ ಸದ್ದಾಯಿತು. ನಾನು ಒಳಗಿನಿಂದ "ಬಂದೆ ಅಣ್ಣಾ" ಎನ್ನಲು ಬಾಯಿ ತೆರೆದೆ, ಇನ್ನೊಂದು ಸುತ್ತು ಬಂತು, ದನಿ ಹೊರಡಲಿಲ್ಲ. ಹಾಗೇ ಬಹಳ ಹೊತ್ತಾಯಿತು. ನಿನ್ನ ಟೀ ಮುಗಿಯಿತು. ಆಮೇಲೆ ನೀನು ಹೇಳಿದೆ:

"ಬೇಕಂತಲೇ ಕೂತಿದ್ದಾನೆ ಚಿಕ್ಕಮ್ಮ. ಅವನ ನಾಟಕ ನನಗೆ ಗೊತ್ತಿಲ್ವಾ? ಅಷ್ಟು ಜನರ ಮುಂದೆ ನಾನು ಮರ್ಯಾದೆ ಕಳ್ಕೊಂಡು ಬಂದರೂ ಇನ್ನೂ ಆಟ ಆಡಿಸ್ತಿದ್ದಾನೆ. ಹೊಟ್ಟೆ ಅಂತೆ ಹೊಟ್ಟೆ. ಅವನಿಗೆ ಬೇಕಾದಾಗ ಬರತ್ತೆ, ಬೇಕಾದಾಗ ಹೋಗತ್ತೆ."

ಚಿಕ್ಕಮ್ಮ ನಿನ್ನನ್ನು ಏನೆಂದು ಬೈದರು ಎನ್ನುವುದನ್ನು ನಾನು ಇಲ್ಲಿ ಬರೆಯುವುದಿಲ್ಲ. ನೀನೇ ಕೇಳಿಸಿಕೊಂಡಿದ್ದೀಯ. ನೀನು ಎದ್ದು ಹೋದ ಮೇಲೆ ನಾನು ಹೊರಗೆ ಬಂದೆ. ಅವರು ಆ ಎರಡು ಕುರ್ಚಿಗಳನ್ನು ಎತ್ತಿ ಗೋಡೆಗೆ ಒರಗಿಸುತ್ತಿದ್ದರು.

ಸ್ಟುಡಿಯೊದಲ್ಲಿ ಎಲ್ಲರ ಮುಂದೆ ನಿಂತು ಅದು ನಾಟಕ ಅಲ್ಲ ಎಂದು ಹೇಳಿದವನು ನೀನೇ. ಹೇಳಿದ್ದು ನಿಜ, ಅದಕ್ಕೆ ನಾನು ಋಣಿ. ಈಗ ಅರ್ಥವಾಗುತ್ತಿದೆ, ನೀನು ಅದನ್ನು ಅವರಿಗೆ ಹೇಳಿದೆ. ನಿನಗೆ ನೀನೇ ಹೇಳಿಕೊಳ್ಳಲಿಲ್ಲ.

ನಾನು ಸ್ಟುಡಿಯೊಗೆ ವಾಪಸ್ ಬರುವುದಿಲ್ಲ. ಇಲ್ಲಿಯ ಒಂದು ನಾಟಕ ತಂಡದವರು ಪರದೆಯ ಹಿಂದೆ ನಿಂತು ಸದ್ದು ಮಾಡಲು ಕರೆದಿದ್ದಾರೆ. ಮೊದಲ ದಿನವೇ ಅವರಿಗೆ ನನ್ನ ಕಾಯಿಲೆಯ ವಿಷಯ ಹೇಳಿದೆ. ತಂಡದ ಮುಖ್ಯಸ್ಥೆ, "ನಮ್ಮ ಪರದೆ ಎಳೆಯೋನಿಗೆ ಶುಗರ್, ಅವನೂ ಮಧ್ಯೆ ಮಧ್ಯೆ ಓಡ್ತಾನೆ. ಒಬ್ಬರಾದ ಮೇಲೆ ಒಬ್ಬರು ಓಡಿ, ಒಟ್ಟಿಗೆ ಮಾತ್ರ ಬೇಡ" ಎಂದರು. ಸೇರಿಕೊಂಡೆ.

ಡಾಕ್ಟರಮ್ಮ ಈಗ ಹೊಸ ಕ್ರಮ ಹಾಕಿಕೊಟ್ಟಿದ್ದಾರೆ. ಅನುಮಾನ ಬಂದ ಆಹಾರವನ್ನು ಕೆಲವು ವಾರ ಪೂರ್ತಿ ಬಿಡಬೇಕು. ಕರುಳು ಸಮಾಧಾನಕ್ಕೆ ಬಂದ ಮೇಲೆ ಒಂದೊಂದನ್ನೇ, ಚಮಚದಷ್ಟು, ಮತ್ತೆ ಸೇರಿಸಿ ನೋಡಬೇಕು. ತಡೆದುಕೊಂಡರೆ ಸ್ವಲ್ಪ ಹೆಚ್ಚು, ಇಲ್ಲವಾದರೆ ಇನ್ನಷ್ಟು ದಿನ ಕಾಯುವುದು. "ಯಾವುದನ್ನೂ ಜನ್ಮಪೂರ್ತಿ ಬಿಡಿ ಅಂತ ನಾನು ಹೇಳಲ್ಲ" ಎಂದಿದ್ದಾರೆ. ಹಾಲು ಬಿಟ್ಟಿದ್ದೇನೆ. ಈರುಳ್ಳಿ ಬಿಟ್ಟಿದ್ದೇನೆ.

ನಿನ್ನನ್ನೂ ಬಿಡುತ್ತಿದ್ದೇನೆ ಅಣ್ಣಾ. ಸದ್ಯಕ್ಕೆ ಪತ್ರ ಬರೆಯಬೇಡ, ಬರಬೇಡ. ಚಮಚದಷ್ಟು ಸೇರಿಸಿ ನೋಡುವ ದಿನ ಬಂದರೆ ನಾನೇ ಬರೆಯುತ್ತೇನೆ. ಯಾವಾಗ ಅಂತ ಡಾಕ್ಟರಮ್ಮನನ್ನು ಕೇಳಲಿಲ್ಲ, ಅದು ಅವರಿಗೆ ಗೊತ್ತಿರುವ ವಿಷಯವಲ್ಲ.

ಹಾಲು ಬಿಟ್ಟ ದಿನ ನಾನು ಅತ್ತಿರಲಿಲ್ಲ.

ತಮ್ಮ